ನಮ್ಮೂರ ಗಣಿ ದುಡ್ಡಿನ ಫಿಲ್ಟರ್: ನೀರಿಗೆ ನಾಲ್ಕು ಸ್ಟಾರ್, ಉಳಿದದ್ದಕ್ಕೆ ಎರಡೂವರೆ

ನೀರು ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಬೈಗುಳ ಸ್ವಲ್ಪ ಜಾಸ್ತಿ ಇದೆ, ಅದನ್ನು ಓದಿ ನೀರೇ ಸರಿ ಇಲ್ಲ ಅಂತ ಯಾರೂ ತಿಳಿದುಕೊಳ್ಳಬಾರದು.

ನಾನು ಬರೆಯುತ್ತಿರುವುದು ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದ ಬಗ್ಗೆ. ಆ ಉದ್ದನೆಯ ಹೆಸರು ಬೋರ್ಡಿಗೆ ಮಾತ್ರ. ಊರಲ್ಲಿ ಎಲ್ಲರೂ ಫಿಲ್ಟರ್ ಅಂತಾರೆ. ಊರಿನ ಹೆಸರು ಬೇಕಂತಲೇ ಹಾಕಿಲ್ಲ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಇಷ್ಟರಲ್ಲಿ ಎಲ್ಲೋ ಒಂದು ಕಡೆ, ಅದಿರಿನ ಗುಡ್ಡದ ಬುಡದಲ್ಲಿರುವ ಊರು ಅಂದುಕೊಳ್ಳಿ. ಹೆಸರು ಹಾಕಿದರೆ ನಾಳೆ ಬೆಳಿಗ್ಗೆ ಬೈಸಿಕೊಳ್ಳುವುದು ಘಟಕ ನೋಡಿಕೊಳ್ಳುವ ಹುಡುಗ. ಅವನದು ಇದರಲ್ಲಿ ಏನೂ ತಪ್ಪಿಲ್ಲ.

ಘಟಕದ ಗೋಡೆ ಮೇಲೆ ನೀಲಿ ಬೋರ್ಡ್ ಇದೆ. ಅನುದಾನ: ಜಿಲ್ಲಾ ಖನಿಜ ಪ್ರತಿಷ್ಠಾನ. ಅಂದ್ರೆ ಡಿಎಂಎಫ್, ಅಂದ್ರೆ ಗಣಿ ದುಡ್ಡು. ಆ ಬೋರ್ಡ್ ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ, ಎಲ್ಲರ ಹಾಗೆ ಕ್ಯಾನ್ ತುಂಬಿಸಿಕೊಂಡು ಮನೆಗೆ ಬರುತ್ತಿದ್ದೆ. ಆದರೆ ಇದು ನಮ್ಮ ಕಣ್ಣೆದುರಿನ ಗುಡ್ಡ ಟಿಪ್ಪರ್ ಹತ್ತಿ ಹೋದ ಮೇಲೆ ಬಂದ ದುಡ್ಡು. ಇದಕ್ಕೆ ಗಿರಾಕಿ ಹಾಗೆ ವಿಮರ್ಶೆ ಬರೆಯುವ ಹಕ್ಕು ನಮಗಿದೆ ಅನ್ನಿಸಿತು.

ಮೊದಲು ನೀರಿನ ವಿಷಯ. ನಮ್ಮದು ಬೋರ್ ನೀರು, ಅದೂ ಗಡಸು ನೀರು. ಬೇಳೆ ಎಷ್ಟು ಬೇಯಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಹಂಡೆ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಟೀ ಮೇಲೆ ಎಣ್ಣೆ ತೇಲಿದ ಹಾಗೆ ಒಂದು ತೆಳು ಕೆನೆ, ಅದು ಹಾಲಿನದಲ್ಲ. ಫ್ಲೋರೈಡ್ ಬೇರೆ. ಹಳೇ ತಲೆಗಳ ಹಲ್ಲು ನೋಡಿದರೆ ಗೊತ್ತಾಗುತ್ತೆ, ಕಂದು ಗೆರೆ ಗೆರೆ. ಫಿಲ್ಟರ್ ನೀರು ಬಂದ ಮೊದಲ ದಿನ ಅವ್ವ ಕುಕ್ಕರ್ ಇಟ್ಟು ಎಂದಿನಂತೆ ಆರು ಸೀಟಿ ಹೊಡೆಸಿದರು. ಬೇಳೆ ಕರಗಿ ಪೂರ್ತಿ ಗಂಜಿಯಾಗಿತ್ತು. "ಇಷ್ಟು ವರ್ಷ ಗ್ಯಾಸ್ ಸುಮ್ನೆ ಸುಟ್ಟೆವಲ್ಲೋ" ಅಂದರು. ಈಗ ಮೂರು ಸೀಟಿಗೆ ಇಳಿಸಿದ್ದಾರೆ. ನನ್ನ ನಾಲ್ಕು ಸ್ಟಾರ್ ಬಹುಪಾಲು ಆ ಬೇಳೆಗೆ.

ಐದನೇ ಸ್ಟಾರ್ ಯಾಕಿಲ್ಲ ಅಂದ್ರೆ ರುಚಿ. ಆರ್‌ಓ ನೀರು ಸಪ್ಪೆ, ಮೊದಲ ವಾರ ಎಷ್ಟು ಕುಡಿದರೂ ದಾಹ ಹೋದ ಹಾಗೆ ಅನ್ನಿಸಲ್ಲ. ನಮ್ಮ ಪಕ್ಕದ ಮನೆ ತಾತ ಇವತ್ತಿಗೂ ಊಟದ ಹೊತ್ತಿಗೆ ಬೋರ್ ನೀರೇ ಕುಡಿಯೋದು. ಅವರಿಗೆ ಹೇಳಿ ಸಾಕಾಗಿದೆ.

20 ಲೀಟರ್ ಕ್ಯಾನಿಗೆ 5 ರೂಪಾಯಿ. ನಾಣ್ಯ ಹಾಕಿದರೆ ನೀರು ಬರುತ್ತೆ. ಇಲ್ಲಿ ಒಂದು ತಮಾಷೆ ಇದೆ: ಮಷಿನ್ ಹಳೇ ದಪ್ಪ ಐದು ರೂಪಾಯಿ ತಗೊಳ್ಳಲ್ಲ, ಹಳದಿ ಬಣ್ಣದ್ದೇ ಬೇಕು. ಹಾಗಾಗಿ ಎದುರಿನ ಕಿರಾಣಿ ಅಂಗಡಿಯಲ್ಲಿ ಬೆಳಿಗ್ಗೆ ಹೊತ್ತು ನಾಣ್ಯದ ವ್ಯಾಪಾರವೇ ಒಂದು. ಹತ್ತು ರೂಪಾಯಿ ಕೊಟ್ಟರೆ ಒಂದು ಹಳದಿ ನಾಣ್ಯ, ಒಂದು ಬಿಸ್ಕತ್ ಪ್ಯಾಕೆಟ್. ಬಿಸ್ಕತ್ ಬೇಡ ಅಂದ್ರೆ ಚಿಲ್ಲರೆ ಇಲ್ಲ. ಧೂಳು ಕೂತು ನಾಣ್ಯದ ಬಾಯಿ ಆಗಾಗ ಕಚ್ಚಿಕೊಳ್ಳುತ್ತೆ, ಆಗ ಪಕ್ಕಕ್ಕೆ ಒಂದು ಏಟು ಕೊಡಬೇಕು, ಎಲ್ಲಿ ಕೊಡಬೇಕು ಅನ್ನೋದು ಊರಿನ ಮಕ್ಕಳಿಗೆಲ್ಲ ಗೊತ್ತು.

ಈಗ ದುಡ್ಡಿನ ಕಥೆ. ಇದು ಗೊತ್ತಿಲ್ಲದಿದ್ದರೆ ನನ್ನ ಸಿಟ್ಟು ಅರ್ಥ ಆಗಲ್ಲ.

ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಲಾರಿ ಹಿಂದೆ ಲಾರಿ, ರಸ್ತೆ ದಾಟಬೇಕಂದ್ರೆ ಕಾಲು ಗಂಟೆ. ಆಗ ಸರ್ಕಾರಕ್ಕೆ ಸಿಗುತ್ತಿದ್ದ ರಾಯಧನ, ಅಂದ್ರೆ ಅಗೆದ ಅದಿರಿಗೆ ಗಣಿಯವರು ಕಟ್ಟುವ ರಾಯಲ್ಟಿ, ಎಷ್ಟು ಗೊತ್ತಾ? 2009ರ ಆಗಸ್ಟ್‌ವರೆಗೆ ಒಳ್ಳೇ ದರ್ಜೆಯ ಕಬ್ಬಿಣದ ಅದಿರಿಗೂ ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. ಹೊರದೇಶದಲ್ಲಿ ಬೆಲೆ ಎಷ್ಟಾದರೂ ಏರಲಿ, ಇಲ್ಲಿ 27. ಈಗಿನ ಲೆಕ್ಕದಲ್ಲಿ ಐದು ಕ್ಯಾನ್ ನೀರು. ಅದರಲ್ಲೂ ಊರಿಗೆ ಅಂತ ತೆಗೆದಿಡುವ ಪಾಲು ಇರಲೇ ಇಲ್ಲ. ನಮಗೆ ಬಂದದ್ದು ಧೂಳು. ಹತ್ತಿ ಬಿಡಿಸಿದರೆ ಹತ್ತಿಯೂ ಕೆಂಪು, ತೊಳೆದು ಒಣಗಿಸಿದ ಬಿಳಿ ಪಂಚೆಯೂ ಕೆಂಪು.

ಆಮೇಲೆ ಏನಾಯ್ತು ಅನ್ನೋದು ನಿಮಗೂ ಗೊತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಗೆ ಕೋರ್ಟ್ ಆದೇಶದಿಂದ ಬಳ್ಳಾರಿಯಲ್ಲಿ ಗಣಿ ಬಂದ್, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ಬಂದ್. ಲಾರಿ ಸಾಲ ಮಾಡಿದ್ದವರು ಮುಳುಗಿದರು. ನಮ್ಮ ಬೀದಿಯಲ್ಲೇ ಎರಡು ಲಾರಿ ಟೈರ್ ಕೊಳೆಯುವವರೆಗೂ ನಿಂತಿದ್ದವು. ಗಣಿ ಬೇಡ ಅನ್ನೋದೂ ಗಣಿ ಬೇಕು ಅನ್ನೋದೂ ಈ ಕಡೆ ಒಂದೇ ಮನೆಯಲ್ಲಿ ಒಂದೇ ತಟ್ಟೆ ಮುಂದೆ ನಡೆಯುವ ಮಾತು. ಹೊರಗಿನವರಿಗೆ ಇದು ಬೇಗ ಅರ್ಥ ಆಗಲ್ಲ.

2015ರಲ್ಲಿ ಕೇಂದ್ರ ಸರ್ಕಾರ ಗಣಿ ಕಾನೂನು ತಿದ್ದಿತು. ಗಣಿ ಇರುವ ಪ್ರತಿ ಜಿಲ್ಲೆಯಲ್ಲೂ ಒಂದು ಪ್ರತಿಷ್ಠಾನ ಇರಬೇಕು, ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಯಧನದ ಮೇಲೆ ಇನ್ನೊಂದಿಷ್ಟನ್ನು ಅದಕ್ಕೆ ಕೊಡಬೇಕು ಅಂತ. ಆ ವರ್ಷದ ಜನವರಿ 12ಕ್ಕಿಂತ ಮುಂಚೆ ಗುತ್ತಿಗೆ ಸಿಕ್ಕ ಗಣಿಯಾದರೆ ರಾಯಧನದ 30 ಪರ್ಸೆಂಟ್. ಆಮೇಲೆ ಹರಾಜಿನಲ್ಲಿ ತಗೊಂಡದ್ದಾದರೆ 10 ಪರ್ಸೆಂಟ್.

ಪರ್ಸೆಂಟ್ ಮಾತಲ್ಲಿ ಇದು ತಲೆಗೆ ಹತ್ತಲ್ಲ, ನೀರಿನ ಲೆಕ್ಕದಲ್ಲೇ ಹೇಳುತ್ತೇನೆ. ಸುಮ್ನೆ ಲೆಕ್ಕಕ್ಕೆ ಟನ್ ಅದಿರು 4,000 ರೂಪಾಯಿ ಅಂತ ಇಟ್ಟುಕೊಳ್ಳಿ. ಈಗ ಕಬ್ಬಿಣದ ಅದಿರಿಗೆ ರಾಯಧನ ಬೆಲೆಯ ಮೇಲೆ 15 ಪರ್ಸೆಂಟ್, ಅಂದ್ರೆ ಟನ್ನಿಗೆ 600. ಹಳೇ ಗಣಿಯಾದರೆ ಪ್ರತಿಷ್ಠಾನಕ್ಕೆ 180, ಹರಾಜಿನ ಗಣಿಯಾದರೆ 60. ಒಂದು ಟಿಪ್ಪರಿನಲ್ಲಿ 20 ಟನ್ ಇದೆ ಅಂದ್ರೆ 3,600 ಅಥವಾ 1,200. ನಮ್ಮ ಮನೆ ಮುಂದೆ ಹಾದು ಹೋಗುವ ಒಂದೊಂದು ಟಿಪ್ಪರ್ 720 ಕ್ಯಾನ್ ನೀರು, ಇಲ್ಲ 240 ಕ್ಯಾನ್ ನೀರು.

ಹರಾಜಿನ ಗಣಿಯವರು ಕಡಿಮೆ ಕೊಡುತ್ತಾರೆ ಅಂತ ಅವರ ಮೇಲೆ ಹರಿಹಾಯುವ ಹಾಗೂ ಇಲ್ಲ. ಅವರು ಹರಾಜಿನಲ್ಲಿ ಕೂಗಿದ ಪ್ರೀಮಿಯಂ ಬೇರೆ ಕಟ್ಟಬೇಕು, ಅದು ದೊಡ್ಡ ಮೊತ್ತ. ಆದರೆ ಅದು ಹೋಗೋದು ರಾಜ್ಯದ ಖಜಾನೆಗೆ. ಹಳೇ ಗುತ್ತಿಗೆಗಳು ಮುಗಿದು ಹರಾಜಿನವು ಜಾಸ್ತಿ ಆದ ಹಾಗೆ ವಿಧಾನಸೌಧದ ಪಾಲು ಬೆಳೆಯುತ್ತೆ, ಊರಿನ ಪಾಲು ಟನ್ನಿಗೆ ಮೂರರಲ್ಲಿ ಒಂದಕ್ಕೆ ಇಳಿಯುತ್ತೆ. ಇದರ ಬಗ್ಗೆ ನಮ್ಮ ಕಡೆ ಮಾತಾಡುವವರು ಕಡಿಮೆ.

ಸರಿ, ಫಿಲ್ಟರ್‌ಗೆ ವಾಪಸ್. ಕಳೆದ ಬೇಸಿಗೆಯಲ್ಲಿ, ಏಪ್ರಿಲ್ ಮೊದಲ ವಾರ, ಕೆಟ್ಟು ನಿಂತಿತು. 47 ದಿನ. ದಿನ ಎಣಿಸಿದ್ದು ಅವ್ವ, ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕದ ಪಕ್ಕದಲ್ಲೇ ಗೀಟು ಹಾಕಿದ್ದರು. ಮೊದಲು ಮೋಟಾರ್ ಅಂದರು, ಆಮೇಲೆ ಮೆಂಬ್ರೇನ್ ಹೋಗಿದೆ ಅಂದರು. ಮೆಂಬ್ರೇನ್ ಅಂದ್ರೆ ಆರ್‌ಓ ಮಷಿನಿನ ಜೀವ, ನೀರು ಸೋಸುವ ಸುರುಳಿ. ಗಡಸು ನೀರಿನ ಊರಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತೆ, ಕಾಲಕಾಲಕ್ಕೆ ತೊಳೆಯಬೇಕು, ಬದಲಿಸಬೇಕು. ಹುಡುಗನ ಪ್ರಕಾರ ಐವತ್ತು ಸಾವಿರದೊಳಗಿನ ಮಾತು.

ಪಂಚಾಯಿತಿಯಲ್ಲಿ ಕೇಳಿದರೆ ನಿರ್ವಹಣೆ ಗುತ್ತಿಗೆದಾರರದ್ದು ಅಂದರು. ಗುತ್ತಿಗೆದಾರರಿಗೆ ಫೋನ್ ಮಾಡಿದರೆ ನಮ್ಮ ಅವಧಿ ಮುಗಿದಿದೆ, ಈಗ ಪಂಚಾಯಿತಿಯದ್ದು ಅಂದರು. ತಾಲ್ಲೂಕಿನ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು, ಆದರೆ ಹೇಳಿದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. "ನೋಡಿ, ಹೊಸ ಘಟಕ ಬೇಕು ಅಂತ ಅರ್ಜಿ ಕೊಡಿ, ಕ್ರಿಯಾ ಯೋಜನೆಗೆ ಸೇರಿಸೋಣ. ರಿಪೇರಿ ಅಂದ್ರೆ ಕಷ್ಟ."

ನಾನು ಎರಡೆರಡು ಸಲ ಕೇಳಿದೆ. ಹೌದು, ಹಳೇದನ್ನು ಸರಿ ಮಾಡೋಕೆ ದುಡ್ಡಿಲ್ಲ, ಅದರ ಪಕ್ಕದಲ್ಲೇ ಹೊಸದು ಕಟ್ಟೋಕೆ ಆಗಬಹುದು.

ಅವತ್ತು ಸಂಜೆ ರಸ್ತೆ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಟಿಪ್ಪರ್ ಎಣಿಸಿದೆ. ಮಾಡೋಕೆ ಬೇರೆ ಕೆಲಸ ಇರಲಿಲ್ಲ. ಅರ್ಧ ಗಂಟೆಯಲ್ಲಿ 31. ಮೇಲಿನ ಲೆಕ್ಕದಲ್ಲಿ ಹಳೇ ಗಣಿಯವಾದರೆ 1,11,600 ರೂಪಾಯಿ, ಎಲ್ಲವೂ ಹರಾಜಿನ ಗಣಿಯವೇ ಅಂದುಕೊಂಡರೂ 37,200. ಅಂದ್ರೆ ಹೆಚ್ಚುಕಡಿಮೆ ನಾನು ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಆ ಮೆಂಬ್ರೇನಿನ ದುಡ್ಡು ಕಣ್ಣ ಮುಂದೆಯೇ ಹೋಗಿತ್ತು. ಆ ದಿನಗಳಲ್ಲಿ ಊರಿನವರು ಖಾಸಗಿ ಟೆಂಪೋದವರ ಹತ್ತಿರ ಕ್ಯಾನಿಗೆ 30 ಕೊಟ್ಟು ನೀರು ತಗೊಂಡೆವು. ಕೊಡೋಕೆ ಆಗದವರು ಬೋರ್ ನೀರಿಗೆ ವಾಪಸ್ ಹೋದರು. ಅವರ ಮನೆಗಳಲ್ಲಿ ಮತ್ತೆ ಆರು ಸೀಟಿ.

ಕೊನೆಗೆ ಸರಿಯಾದದ್ದು ಹೇಗೆ ಅಂದ್ರೆ, ಊರ ಹಬ್ಬಕ್ಕೆ ಎತ್ತಿದ್ದ ಚಂದಾದಲ್ಲಿ ಉಳಿದದ್ದಕ್ಕೆ ಮನೆಗೆ ಇನ್ನೂರು ಸೇರಿಸಿ. ಗಣಿ ದುಡ್ಡಿನ ಘಟಕ ದೇವರ ದುಡ್ಡಿನಲ್ಲಿ ರಿಪೇರಿ. ಎರಡೂವರೆ ಸ್ಟಾರ್ ಯಾಕೆ ಅಂತ ಈಗ ಗೊತ್ತಾಯ್ತಲ್ವಾ.

ಇಷ್ಟೆಲ್ಲ ಆದ ಮೇಲೆ ನಿಯಮ ಏನಿದೆ ಅಂತ ಕೂತು ಓದಿದೆ. ಈ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅಂತ ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆ ಅಂತ ಇದೆ, 2015ರ ಸೆಪ್ಟೆಂಬರಿನದು. ಅದರ ಪ್ರಕಾರ ಕನಿಷ್ಠ 60 ಪರ್ಸೆಂಟ್ ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣ, ಹೆಂಗಸರು ಮಕ್ಕಳು, ವಯಸ್ಸಾದವರು, ಅಂಗವಿಕಲರು, ಕೌಶಲ, ನೈರ್ಮಲ್ಯ ಇಂಥದ್ದಕ್ಕೆ ಹೋಗಬೇಕು. ಉಳಿದದ್ದು ರಸ್ತೆ, ನೀರಾವರಿ, ಕರೆಂಟು ಇತ್ಯಾದಿಗೆ. ಪಟ್ಟಿಯಲ್ಲಿ ಮೊದಲ ಹೆಸರೇ ಕುಡಿಯುವ ನೀರು! 2024ರಲ್ಲಿ ನಿಯಮ ಬದಲಾಯಿಸಿ ಆ 60 ಅನ್ನು 70 ಮಾಡಿದರು. ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರು ನೇರವಾಗಿ ಬಾಧಿತ, 25ರ ಒಳಗಿನದು ಪರೋಕ್ಷ ಅಂತ ಗೆರೆ ಎಳೆದರು. ಪ್ರತಿಷ್ಠಾನಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಶಾಸಕರು ಸಂಸದರು ಸದಸ್ಯರು. ಸಭೆಯ ನಡಾವಳಿ, ವರ್ಷದ ಯೋಜನೆ, ಯಾವ ಕೆಲಸ ಎಲ್ಲಿಗೆ ಬಂತು ಎಲ್ಲವನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು.

ಓದೋಕೆ ಚೆನ್ನಾಗಿದೆ. ಆ ಕಿಲೋಮೀಟರ್ ಗೆರೆ ಬಗ್ಗೆ ಮಾತ್ರ ನನ್ನದೊಂದು ತಕರಾರು. ನನ್ನ ಅಕ್ಕನನ್ನು ಕೊಟ್ಟ ಊರು ಗಣಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಆದರೆ ಅದಿರು ಲಾರಿ ರೈಲ್ವೆ ಸೈಡಿಂಗಿಗೆ, ಅಂದ್ರೆ ಅದಿರನ್ನು ರೈಲಿಗೆ ತುಂಬುವ ಕಡೆಗೆ, ಹೋಗೋದು ಅವರ ಮನೆ ಬಾಗಿಲ ಮುಂದೆಯೇ. ಅವರ ಮನೆ ಗೋಡೆ ನಮ್ಮ ಮನೆ ಗೋಡೆಗಿಂತ ಕೆಂಪು. 2022ರಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ ತೆಗೆಯುವ ಅದಿರಿನ ಮಿತಿ ಏರಿಸಿತು, ಬಳ್ಳಾರಿ ಭಾಗಕ್ಕೆ 28ರಿಂದ 35 ಮಿಲಿಯನ್ ಟನ್, ಚಿತ್ರದುರ್ಗ ತುಮಕೂರಿಗೆ ಸೇರಿ 7ರಿಂದ 15. ಅಷ್ಟೂ ಎಲ್ಲಿ ಅಗೆದರೋ ಅಲ್ಲೇ ಕೂರುತ್ತಾ? ಹೋಗುವ ದಾರಿಯವರಿಗೂ ಧೂಳು ತಾನೇ.

ಇದೇ ಗಣಿ ದುಡ್ಡಿನ ಇನ್ನೆರಡು ಸೇವೆ ಬಳಸಿದ್ದೇನೆ, ಅವನ್ನೂ ಹೇಳಿಬಿಡುತ್ತೇನೆ.

ಶಾಲೆಯ ಸ್ಮಾರ್ಟ್ ಕ್ಲಾಸ್: ದೊಡ್ಡ ಟಿವಿ, ಅದಕ್ಕೊಂದು ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದೇ ಮಕ್ಕಳಿಗೆ ದಿನಾ ಕ್ವಿಜ್. ಒಂದು ಸ್ಟಾರ್.

ಆರೋಗ್ಯದ ವ್ಯಾನ್ ಮಾತ್ರ ಬೇರೆ ಕಥೆ. ಪ್ರತಿ ಮಂಗಳವಾರ ಹತ್ತೂವರೆಗೆ ಅರಳಿಕಟ್ಟೆ ಹತ್ತಿರ ಬರುತ್ತೆ. ಒಬ್ಬರು ಡಾಕ್ಟರು, ಒಬ್ಬರು ನರ್ಸಮ್ಮ, ಡ್ರೈವರು. ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ಕೆಮ್ಮು ಅಂತ ಹೋದರೆ ಎಷ್ಟು ದಿನದಿಂದ, ಗಣಿ ಕೆಲಸವಾ, ಕ್ರಷರ್ ಕೆಲಸವಾ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಅವ್ವನ ಬಿಪಿ ಆರು ತಿಂಗಳಿಂದ ಹತೋಟಿಯಲ್ಲಿದ್ದರೆ ಅದು ಆ ನರ್ಸಮ್ಮನ ಪುಣ್ಯ. ಮಾತ್ರೆ ನುಂಗಿಲ್ಲ ಅಂದ್ರೆ ಮಗಳ ಹಾಗೆ ಬೈದು ಹೋಗುತ್ತಾರೆ. ನಾಲ್ಕೂವರೆ ಸ್ಟಾರ್.

ಇದ್ಯಾಕೆ ನಡೆಯುತ್ತೆ, ಫಿಲ್ಟರ್ ಯಾಕೆ ನಿಲ್ಲುತ್ತೆ ಅಂತ ನಾನು ತುಂಬಾ ಯೋಚನೆ ಮಾಡಿದೆ. ಉತ್ತರ ಡ್ರೈವರಣ್ಣನ ಬಾಯಲ್ಲೇ ಸಿಕ್ಕಿತು. ವ್ಯಾನಿಗೆ ಕೊಟ್ಟ ದುಡ್ಡು ಬರೀ ವ್ಯಾನಿಗಲ್ಲ, ಅವರ ಮೂವರ ಸಂಬಳ, ಡೀಸೆಲ್, ಮಾತ್ರೆ ಎಲ್ಲಕ್ಕೂ ಸೇರಿಸಿ ವರ್ಷದ ಲೆಕ್ಕಕ್ಕೆ. ಫಿಲ್ಟರ್‌ಗೆ ಕೊಟ್ಟದ್ದು ಕಟ್ಟಡ ಮತ್ತು ಮಷಿನಿಗೆ, ಒಂದೇ ಸಲ. ಹುಡುಗನ ಸಂಬಳ ಬರೋದು ನಾವು ಹಾಕುವ ಐದೈದು ರೂಪಾಯಿಯಿಂದ, ಅದರಲ್ಲೇ ಕರೆಂಟ್ ಬಿಲ್ಲೂ ಆಗಬೇಕು, ಮೆಂಬ್ರೇನಿಗೆ ಏನು ಉಳಿಯುತ್ತೆ ಹೇಳಿ. ಕಟ್ಟಡಕ್ಕಾದರೆ ಗುದ್ದಲಿ ಪೂಜೆ ಇದೆ, ಉದ್ಘಾಟನೆ ಇದೆ, ಎರಡು ಫೋಟೋ. ಮೆಂಬ್ರೇನ್ ಬದಲಿಸೋಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ವ್ಯಾನೂ ಕೂಡ ವರ್ಷ ಮುಗಿದಾಗ ಹೊಸ ಮಂಜೂರಾತಿ ಬರುವವರೆಗೆ ಎರಡು ತಿಂಗಳು ನಿಂತಿತ್ತು. ಆ ಅರ್ಧ ಸ್ಟಾರ್ ಹೋದದ್ದು ಅಲ್ಲಿಯೇ.

ಇನ್ನೊಂದು ದೊಡ್ಡ ಗಂಟು ಬೇರೆ ಇದೆ, ಅದನ್ನು ಡಿಎಂಎಫ್ ಜೊತೆ ಕಲಸಿಬಿಡುತ್ತಾರೆ ನಮ್ಮವರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅದಿರು ಮಾರಾಟದಿಂದ ತೆಗೆದಿಟ್ಟ ದುಡ್ಡು. ಅದಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ ಇದೆ, ಸುಮಾರು 25 ಸಾವಿರ ಕೋಟಿಯ ಯೋಜನೆ, ಮೇಲ್ವಿಚಾರಣೆಗೆ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿಯವರನ್ನು 2022ರಲ್ಲಿ ಕೋರ್ಟೇ ನೇಮಿಸಿತು. ವರ್ಷಗಟ್ಟಲೆ ಆ ದುಡ್ಡು ಬ್ಯಾಂಕಿನಲ್ಲಿ ಮಲಗಿತ್ತು. ಅದರ ವಿಮರ್ಶೆ ಬರೆಯುವಷ್ಟು ನಾನಿನ್ನೂ ಅದನ್ನು ಬಳಸಿಲ್ಲ, ಹಾಗಾಗಿ ಸ್ಟಾರ್ ಕೊಡಲ್ಲ.

ಹೋಟೆಲಿನಲ್ಲಿ ಈ ಮಾತು ಬಂದಾಗಲೆಲ್ಲ ಒಬ್ಬರು ಅಂತಾರೆ, "ಘಟಕನೂ ಬೇಡ ಗಿಟಕನೂ ಬೇಡ, ತಲೆಗಿಷ್ಟು ಅಂತ ಕೈಗೆ ಕೊಟ್ಟುಬಿಡಲಿ." ನಗಬೇಡಿ, ಅಮೆರಿಕದ ಅಲಾಸ್ಕಾದಲ್ಲಿ ತೈಲದ ದುಡ್ಡಿನಿಂದ 1976ರಲ್ಲಿ ಒಂದು ಶಾಶ್ವತ ನಿಧಿ ಮಾಡಿ, 1982ರಿಂದ ಅಲ್ಲಿನ ನಿವಾಸಿಗಳಿಗೆ ವರ್ಷಾ ವರ್ಷಾ ಪಾಲು ಹಂಚುತ್ತಿದ್ದಾರೆ. ನಮ್ಮ ಪಕ್ಕದ ಗೋವಾದಲ್ಲೂ ಅದಿರು ಮಾರಿದ ದುಡ್ಡಲ್ಲಿ 10 ಪರ್ಸೆಂಟ್ ತೆಗೆದು ಶಾಶ್ವತ ನಿಧಿಗೆ ಇಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, ಮುಂದಿನ ತಲೆಮಾರಿಗೂ ಇರಲಿ ಅಂತ. ನನಗೆ ಗೋವಾದ್ದು ಹಿಡಿಸುತ್ತೆ. ಕೈಗೆ ಕೊಡುವುದರ ಬಗ್ಗೆ ಅನುಮಾನ ಇದೆ, ಯಾಕಂದ್ರೆ ಮೆಂಬ್ರೇನ್ ಕೆಟ್ಟಾಗ ಮನೆಗೆ ಇನ್ನೂರು ಎತ್ತೋಕೆ ನಾವು ಪಟ್ಟ ಪಾಡು ನನಗೆ ಗೊತ್ತು. 2024ರ ಹೊಸ ನಿಯಮದಲ್ಲಿ ವರ್ಷಕ್ಕೆ 10 ಕೋಟಿಗಿಂತ ಜಾಸ್ತಿ ಬರುವ ಜಿಲ್ಲೆಗಳು ಅದರಲ್ಲಿ 10 ಪರ್ಸೆಂಟ್‌ವರೆಗೆ ದತ್ತಿ ನಿಧಿಯಾಗಿ ಇಡಬಹುದು ಅಂತ ಸೇರಿಸಿದ್ದಾರೆ. ಒಳ್ಳೇದೇ. ಅದರ ಬಡ್ಡಿಯಲ್ಲಿ ಮೊದಲ ಮೆಂಬ್ರೇನ್ ನಮ್ಮೂರಿನದ್ದೇ ಆಗಲಿ ಅಂತ ಅರ್ಜಿ ಬರೆದು ಕೊಟ್ಟಿದ್ದೇನೆ. ಸ್ವೀಕೃತಿಯ ಸೀಲ್ ಬಿದ್ದಿದೆ, ಅಷ್ಟೇ.

ಹೊಸದಾಗಿ ಊರಿಗೆ ಬಂದವರು ಯಾರಾದರೂ ಬಳಸೋದಾದರೆ ಎರಡು ಮಾತು. ಬೆಳಿಗ್ಗೆ ಆರರಿಂದ ಏಳರವರೆಗೆ ಹೋಗಿ, ಏಳೂವರೆ ಮೇಲೆ ಟಿಪ್ಪರ್ ಡ್ರೈವರುಗಳು ಪಕ್ಕದ ತೊಟ್ಟಿಯ ಹತ್ತಿರ ಬರುತ್ತಾರೆ. ಮಷಿನ್ ಹೊರಗೆ ಬಿಡುವ ವೇಸ್ಟ್ ನೀರು ಅಲ್ಲಿ ಕೂಡುತ್ತೆ, ಅದರಲ್ಲಿ ಗಾಡಿ ತೊಳೆಯುತ್ತಾರೆ, ನಿಮ್ಮ ಕ್ಯಾನಿನ ಮೇಲೂ ನಾಲ್ಕು ಹನಿ ಕೆಂಪು ನೀರು ಗ್ಯಾರಂಟಿ. ಕ್ಯಾನಿನ ಮುಚ್ಚಳ ಮನೆಯಿಂದಲೇ ತನ್ನಿ. ನಾಣ್ಯ ಹಳದಿಯದು.